ಹಳೇ ಎಸಿಗೆ ಹೊಸ ಗ್ಯಾಸ್: ಆಕ್ಷೇಪಗಳಿಗೆ ಪ್ರತ್ಯುತ್ತರ

ಆರ್-22 ಗ್ಯಾಸಿಗೆಂದೇ ತಯಾರಾದ ಹಳೇ ಮನೆ ಎಸಿಗೆ ಆರ್-32 ಆಗಲಿ, ಆರ್-410ಎ ಆಗಲಿ, ಅಡುಗೆ ಅನಿಲದ ಜಾತಿಯದಾಗಲಿ ತುಂಬಿಸಬೇಡಿ ಎಂದು ಹೋದ ತಿಂಗಳು ಬರೆದಿದ್ದೆ. ಲೀಕ್ ಎಲ್ಲಿದೆ ಅಂತ ಹುಡುಕಿಸಿ, ಮುಚ್ಚಿಸಿ, ಅದೇ ಆರ್-22 ಹಾಕಿಸಿಕೊಳ್ಳಿ. ಅಷ್ಟು ಖರ್ಚು ಮಾಡುವ ಯೋಗ್ಯತೆ ಯಂತ್ರಕ್ಕೆ ಉಳಿದಿಲ್ಲವಾದರೆ ಹೊಸದು ತನ್ನಿ. ನಾನು ಹೇಳಿದ್ದು ಇಷ್ಟೇ. ಇಷ್ಟು ಸಾದಾ ಮಾತು ಇಷ್ಟೊಂದು ಜನರ ಪಿತ್ತ ಕೆರಳಿಸುತ್ತದೆ ಅಂದುಕೊಂಡಿರಲಿಲ್ಲ. ಬಂದ ಪತ್ರಗಳಲ್ಲಿ ಬೈಗುಳವನ್ನು ಪಕ್ಕಕ್ಕಿಟ್ಟು ವಾದ ಇರುವವನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ. ಒಂದೆರಡರಲ್ಲಿ ನಿಜಕ್ಕೂ ಹುರುಳಿದೆ. ಅಲ್ಲಿ ಒಪ್ಪಿಕೊಂಡಿದ್ದೇನೆ.

ಮೊದಲು ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರ ಮಾತು: "ಗ್ಯಾಸ್ ಯಾವುದಾದರೇನ್ರಿ ಸಾರ್, ಬ್ಯಾಕ್ ಪ್ರೆಷರ್ ನೋಡಿಕೊಂಡು ತುಂಬಿದರ ಕೂಲಿಂಗ್ ಬಂದ ಬರ್ತದ. ನೀವು ಪುಸ್ತಕ ಓದಿದವರು, ನಾವು ಕೆಲಸ ಮಾಡಿದವರು."

ಸರಿ, ಅವರು ಹೇಳಿದ ಬ್ಯಾಕ್ ಪ್ರೆಷರಿನಿಂದಲೇ, ಅಂದರೆ ಕಂಪ್ರೆಸರ್ ಗ್ಯಾಸನ್ನು ಒಳಗೆ ಎಳೆದುಕೊಳ್ಳುವ ಕಡೆಯ ಒತ್ತಡದಿಂದಲೇ ಶುರು ಮಾಡೋಣ. ಚೆನ್ನಾಗಿ ಓಡುತ್ತಿರುವ ಆರ್-22 ಎಸಿಗೆ ಗೇಜ್ ಹಾಕಿದರೆ ನೀಲಿ ಮುಳ್ಳು 65ರಿಂದ 70 ಪಿಎಸ್‌ಐ ನಡುವೆ ನಿಲ್ಲುತ್ತದೆ. ಇದು ಪ್ರತಿಯೊಬ್ಬ ಮೆಕ್ಯಾನಿಕ್‌ಗೂ ಬಾಯಿಪಾಠ. ಆದರೆ ಆ ಅಂಕಿ ಯಂತ್ರದ ಗುಣವಲ್ಲ, ಗ್ಯಾಸಿನ ಗುಣ. 68 ಪಿಎಸ್‌ಐ ಒತ್ತಡದಲ್ಲಿ ಆರ್-22 ಕುದಿಯುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಳಗಿನ ಕೂಲಿಂಗ್ ಕಾಯಿಲ್ ತಣ್ಣಗಿರಬೇಕು, ಆದರೆ ಹಿಮಗಟ್ಟಬಾರದು. ಅದಕ್ಕೆ ಆ ಅಂಕಿ. ಈಗ ಅದೇ ಯಂತ್ರಕ್ಕೆ ಆರ್-32 ತುಂಬಿ, ಅದೇ 65ಕ್ಕೆ ನಿಲ್ಲಿಸಿ. ಆ ಒತ್ತಡದಲ್ಲಿ ಆರ್-32 ಕುದಿಯುವುದು ಮೈನಸ್ 12 ಡಿಗ್ರಿಯ ಆಸುಪಾಸಿನಲ್ಲಿ. ಮೊದಲ ಅರ್ಧ ಗಂಟೆ ಗ್ರಿಲ್‌ನಿಂದ ಹಿಮಾಲಯದ ಗಾಳಿ ಬಂದಂತೆ ಆಗುತ್ತದೆ, ಗಿರಾಕಿ ಖುಷಿಯಾಗಿ ದುಡ್ಡು ಕೊಡುತ್ತಾನೆ. ಆಮೇಲೆ ಕಾಯಿಲಿನ ರೆಕ್ಕೆಗಳ ನಡುವೆ ಬಿಳಿ ಮಂಜು ಕಟ್ಟಿ ಗಾಳಿ ದಾಟುವುದೇ ನಿಲ್ಲುತ್ತದೆ. ಮಧ್ಯರಾತ್ರಿ ಕಂಪ್ರೆಸರ್ ಕಟ್ ಆದಾಗ ಆ ಮಂಜು ಕರಗಿ ಇಂಡೋರ್ ಕೆಳಗಿನ ಮಂಚದ ಮೇಲೆ ತೊಟ್ಟಿಕ್ಕುತ್ತದೆ. ಆಗ "ಡ್ರೈನ್ ಪೈಪ್ ಬ್ಲಾಕ್ ಆಗಿದೆ" ಎಂದು ಇನ್ನೊಂದು ಬಿಲ್ಲು.

ಹಾಗಾದರೆ 65ಕ್ಕೆ ನಿಲ್ಲಿಸದೆ ಆರ್-32ಕ್ಕೆ ತಕ್ಕಂತೆ 120 ದಾಟಿಸಿ ತುಂಬಿದರೆ? ಆಗ ಕಷ್ಟ ಕಂಪ್ರೆಸರ್‌ಗೆ. ಅದರ ಸಿಲಿಂಡರ್ ಆರ್-22ಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅದೇ ಗಾತ್ರದ ಸಿಲಿಂಡರ್ ಆರ್-410ಎಯನ್ನೋ ಆರ್-32ನ್ನೋ ಎಳೆದುಕೊಂಡರೆ ಪ್ರತಿ ಸುತ್ತಿಗೂ ಸುಮಾರು ಒಂದೂವರೆ ಪಟ್ಟು ಕೆಲಸ ಮಾಡಬೇಕಾಗುತ್ತದೆ. ಮೋಟಾರ್ ಮಾತ್ರ ಹಳೆಯದೇ. ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ, ಆಂಪಿಯರ್ ಎಲ್ಲಿಗೆ ಏರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಹೊರಗೆ ಬಿಸಿಲು ಜೋರಾದಂತೆ ಓವರ್‌ಲೋಡ್ ಟ್ರಿಪ್ ಆಗುತ್ತದೆ, ತಣ್ಣಗಾಗಿ ಮತ್ತೆ ಹತ್ತುತ್ತದೆ, ಮತ್ತೆ ಟ್ರಿಪ್ ಆಗುತ್ತದೆ.

ಇದು ಒಳಗೆ ಎಳೆಯುವ ಕಡೆಯ ಕಥೆ. ಹೊರಗೆ ತಳ್ಳುವ ಕಡೆಯದು ಇನ್ನೂ ಗಂಭೀರ. ರಾಯಚೂರಿನಲ್ಲೋ ಕಲಬುರಗಿಯಲ್ಲೋ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇದ್ದಾಗ ಔಟ್‌ಡೋರ್ ಕಾಯಿಲಿನೊಳಗಿನ ಗ್ಯಾಸ್ 54 ಡಿಗ್ರಿ ಆಸುಪಾಸಿನಲ್ಲಿ ದ್ರವವಾಗುತ್ತದೆ. ಆ ಉಷ್ಣತೆಯಲ್ಲಿ ಆರ್-22ರ ಒತ್ತಡ ಸುಮಾರು 300 ಪಿಎಸ್‌ಐ. ಆರ್-410ಎ ಆದರೆ 475. ಆರ್-32 ಅದಕ್ಕೂ ಒಂದು ಹಿಡಿ ಮೇಲೆ. ಹದಿನೈದು ವರ್ಷ ಮಳೆ ಬಿಸಿಲು ಉಂಡು ಸವೆದ ತಾಮ್ರದ ಬೆಂಡು, ಒಮ್ಮೆ ಬಿಚ್ಚಿ ಬಿಗಿದ ಫ್ಲೇರ್ ನಟ್ಟು, ವೆಲ್ಡಿಂಗ್ ಮಾಡಿದ ಕಂಪ್ರೆಸರ್ ಡಬ್ಬಿ ಇವೆಲ್ಲ ಆ ಹೆಚ್ಚಿನ ಒತ್ತಡವನ್ನು ಲೆಕ್ಕಕ್ಕಿಟ್ಟು ಮಾಡಿದವಲ್ಲ.

ತಯಾರಕರಿಗೆ ಇದು ಗೊತ್ತಿತ್ತು. ಅದಕ್ಕೇ ಆರ್-410ಎ, ಆರ್-32 ಎಸಿಗಳ ಸರ್ವಿಸ್ ಪೋರ್ಟಿನ ಮರೆಯನ್ನೇ ಬೇರೆ ಅಳತೆಯಲ್ಲಿ ಇಟ್ಟರು. ಆರ್-22 ಪೋರ್ಟಿನ ಮರೆ ಇಂಚಿನ ಹದಿನಾರರಲ್ಲಿ ಏಳು ಭಾಗ. ಹೊಸ ಗ್ಯಾಸಿನದು ಅರ್ಧ ಇಂಚು. ಒಂದರ ಹೋಸ್ ಇನ್ನೊಂದಕ್ಕೆ ಕೂರಬಾರದು, ಕೈತಪ್ಪಿಯೂ ಅದಲು ಬದಲಾಗಬಾರದು ಎಂಬ ಉದ್ದೇಶ. ನಮ್ಮವರು ಏನು ಮಾಡಿದರು? ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ತಂದು ಜೇಬಿಗೆ ಹಾಕಿಕೊಂಡರು. ಎರಡೂ ಕಾಲದ ಯಂತ್ರ ರಿಪೇರಿ ಮಾಡುವವರಿಗೆ ಅದು ಬೇಕಾದ ಸಾಮಾನೇ, ಅಲ್ಲವೆನ್ನುವುದಿಲ್ಲ. ಆದರೆ ಅದು ಜೇಬಿನಲ್ಲಿದೆ ಎಂಬುದೇ ಹಳೇ ಎಸಿಗೆ ಹೊಸ ಗ್ಯಾಸ್ ತುಂಬಲು ಪರವಾನಗಿ ಆಗುವುದಿಲ್ಲ.

"ನನ್ನ ಮನೆಯಲ್ಲೇ ಆರ್-32 ಹಾಕಿಸಿ ಮೂರು ಬೇಸಿಗೆ ಕಳೆದಿದೆ, ಏನೂ ಆಗಿಲ್ಲ" ಎಂದು ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ. ನಂಬುತ್ತೇನೆ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ತಿಂಗಳು, ಅದೂ ರಾತ್ರಿ ಹೊತ್ತು ಓಡುವ ಎಸಿ ಅರ್ಧಂಬರ್ಧ ಗ್ಯಾಸಿನಲ್ಲೂ ಕುಂಟುತ್ತಾ ನಡೆಯುತ್ತದೆ. ಕೋಣೆ ತಂಪಾಗಲು ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಇಲ್ಲಿ ಕಣ್ಣಿಗೆ ಕಾಣದ ಸಂಗತಿ ಬೇರೆಯೇ ಇದೆ, ಅದು ಆಯಿಲ್. ಆರ್-22 ಕಂಪ್ರೆಸರ್‌ಗಳಲ್ಲಿರುವುದು ಸಾಮಾನ್ಯವಾಗಿ ಮಿನರಲ್ ಆಯಿಲ್. ಕಂಪ್ರೆಸರ್ ತಿರುಗುವಾಗ ಸ್ವಲ್ಪ ಆಯಿಲ್ ಗ್ಯಾಸಿನ ಜೊತೆ ಹೊರಟು ಪೈಪು, ಕಾಯಿಲು ಸುತ್ತಿ ವಾಪಸು ಬರಬೇಕು. ಆರ್-22 ಅದನ್ನು ಕರಗಿಸಿಕೊಂಡು ವಾಪಸು ತರುತ್ತದೆ. ಆರ್-32, ಆರ್-410ಎಗಳು ಮಿನರಲ್ ಆಯಿಲ್ ಜೊತೆ ಬೆರೆಯುವುದಿಲ್ಲ. ಅವುಗಳ ಯಂತ್ರಕ್ಕೆ ಪಾಲಿಯಾಲ್ ಎಸ್ಟರ್‌ನಂಥ ಬೇರೆ ಜಾತಿಯ ಆಯಿಲ್ ಹಾಕುವುದು ಇದೇ ಕಾರಣಕ್ಕೆ. ಹಳೇ ಎಸಿಯಲ್ಲಿ ಹೊರಟ ಮಿನರಲ್ ಆಯಿಲ್ ಒಳಗಿನ ತಣ್ಣನೆಯ ಕಾಯಿಲಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಕಂಪ್ರೆಸರ್ ತಳದಲ್ಲಿ ಮಟ್ಟ ಇಳಿಯುತ್ತಾ ಹೋಗುತ್ತದೆ. ಒಂದೇ ದಿನದಲ್ಲಿ ಕೆಡುವ ಯಂತ್ರವಲ್ಲ ಇದು. ಕೆಟ್ಟ ದಿನ "ಹಳೇ ಮಷಿನ್ ಸಾರ್, ಆಯಸ್ಸು ಮುಗಿಯಿತು" ಎಂದರೆ ಆಯಿತು. ಗ್ಯಾಸಿನ ಮೇಲೆ ಅನುಮಾನ ಯಾರಿಗೂ ಬರುವುದಿಲ್ಲ. ಹಾಗಾಗಿ ಮೂರು ಬೇಸಿಗೆ ಓಡಿತು ಎಂಬುದರಿಂದ ನಾಲ್ಕನೆಯದರ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಮೂರನೆಯದು ಹಲವರು ಒಟ್ಟಾಗಿ ಕೂಗಿದ ಮಾತು: "ಆರ್-22 ಬ್ಯಾನ್ ಆಗಿದೆ, ಸಿಗದ ಗ್ಯಾಸ್ ಹಾಕಿಸಿ ಅಂತೀರಲ್ಲ?" ಬ್ಯಾನ್ ಆಗಿರುವುದು ಅಮೆರಿಕದಲ್ಲಿ. ಅಲ್ಲಿ 2020ರ ಜನವರಿ 1ರಿಂದ ಹೊಸದಾಗಿ ಆರ್-22 ತಯಾರಿಸುವಂತಿಲ್ಲ, ಆಮದು ಮಾಡುವಂತಿಲ್ಲ. ನಾವು ನೋಡುವ ವೀಡಿಯೋಗಳು ಅಲ್ಲಿಂದ ಬರುತ್ತವೆ, ಭಯವೂ ಅಲ್ಲಿಂದಲೇ ಆಮದು. ಭಾರತ 1992ರಲ್ಲಿ ಓಜೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತು. ನಮ್ಮಂಥ ದೇಶಗಳಿಗೆ ಆರ್-22 ಜಾತಿಯ ಗ್ಯಾಸುಗಳ ಬಳಕೆಯಲ್ಲಿ 2015ಕ್ಕೆ ಶೇ 10, 2020ಕ್ಕೆ ಶೇ 35, 2025ಕ್ಕೆ ಶೇ 67.5ರಷ್ಟು ಕಡಿತ ನಿಗದಿಯಾಗಿದೆ. 2030ಕ್ಕೆ ಪೂರ್ತಿ ನಿಲ್ಲಬೇಕು. ಆದರೂ ಆಗ ಉಳಿದಿರುವ ಯಂತ್ರಗಳ ರಿಪೇರಿಗೆಂದು 2040ರವರೆಗೆ ಸಣ್ಣ ಪಾಲಿಗೆ ಅವಕಾಶವಿದೆ. ಆರ್-22 ತುಂಬಿದ ಹೊಸ ಎಸಿ ತಯಾರಿಸುವುದು 2025ರ ಆರಂಭಕ್ಕೆ ನಿಂತಿತು. ನಿಂತದ್ದು ಹೊಸ ಯಂತ್ರ. ಹಳೆಯದರ ರಿಪೇರಿಗೆ ತಡೆ ಇಲ್ಲ. ಗ್ಯಾಸ್ ದುಬಾರಿಯಾಗುತ್ತಾ ಹೋಗುತ್ತದೆ ಎಂಬುದು ಖರೆ. ಹಾಗಿದ್ದ ಮೇಲೆ ಲೀಕ್ ಮುಚ್ಚದೆ ವರ್ಷವರ್ಷ ಟಾಪಪ್ ಮಾಡಿಸುವ ಚಟ ಬಿಡಬೇಕಾದದ್ದು ನ್ಯಾಯ, ಅಗ್ಗದ ಬೇರೆ ಗ್ಯಾಸಿಗೆ ಜಾರುವುದಲ್ಲ.

ಅಗ್ಗ ಎಂದಾಗ ನೆನಪಾಯಿತು. ಹೆಸರು ಸರಿಯಿಲ್ಲದ, ಸೀಲ್ ಒಡೆದ ಸಿಲಿಂಡರಿನ ಗ್ಯಾಸ್ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2011ರ ಪ್ರಕರಣವೊಂದಿದೆ. ವಿಯೆಟ್ನಾಂನಲ್ಲಿ ರಿಪೇರಿಯಾದ ಹಡಗಿನ ಶೀತಲ ಕಂಟೇನರ್‌ಗಳಿಗೆ ಆರ್-134ಎ ಎಂದು ಹೇಳಿ ತುಂಬಿದ್ದರಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗಿ ಮಾರ್ಪಟ್ಟಿತು. ಕಂಪ್ರೆಸರ್‌ಗಳು ಸಿಡಿದವು, ಕೆಲಸಗಾರರು ಸತ್ತರು.

ಇನ್ನು ಹೈಡ್ರೋಕಾರ್ಬನ್ ಪಕ್ಷದವರು. ಇವರ ವಾದ ಕೇಳಲು ಎಲ್ಲಕ್ಕಿಂತ ಚೆಂದ: "ಪ್ರೊಪೇನ್, ಅಂದರೆ ಆರ್-290, ಮಿನರಲ್ ಆಯಿಲ್ ಜೊತೆ ಹೊಂದುತ್ತದೆ, ಒತ್ತಡ ಆರ್-22ರ ಹತ್ತಿರದಲ್ಲೇ ಇದೆ, ಓಜೋನ್‌ಗೆ ತೊಂದರೆಯಿಲ್ಲ, ಭೂಮಿ ಬಿಸಿಯಾಗುವುದಕ್ಕೂ ಅದರ ಪಾಲು ನಗಣ್ಯ. ಗೋದ್ರೇಜ್ ಕಂಪನಿ 2012ರಿಂದ ಅದೇ ಗ್ಯಾಸಿನ ಎಸಿ ಮಾರುತ್ತಿದೆ. ಅವರು ಹಾಕಬಹುದು, ನಾವು ಹಾಕಬಾರದೇ?" ಇದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ಶೀತಕವಾಗಿ ಪ್ರೊಪೇನ್ ಒಳ್ಳೆಯದೇ. ತಕರಾರು ಇರುವುದು ಕೊನೆಯ ಪ್ರಶ್ನೆಯಲ್ಲಿ.

ಲೆಕ್ಕ ಮಾಡಿ ನೋಡೋಣ. ಒಂದು ಕಿಲೋ ಆರ್-22 ಹಿಡಿಯುವ ಒಂದೂವರೆ ಟನ್ ಎಸಿಗೆ ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಪ್ರೊಪೇನ್ ಸಾಕು, 450 ಗ್ರಾಂ ಎಂದಿಟ್ಟುಕೊಳ್ಳಿ. ಅಷ್ಟು ಪ್ರೊಪೇನ್ ಸೋರಿ ಹರಡಿದರೆ ಕಾಲು ಘನ ಮೀಟರ್ ಜಾಗ ತುಂಬುತ್ತದೆ. ಗಾಳಿಯಲ್ಲಿ ಪ್ರೊಪೇನ್ ಶೇ 2.1 ಆದರೆ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಂದರೆ ಆ 450 ಗ್ರಾಂ ಸುಮಾರು 12 ಘನ ಮೀಟರ್ ಗಾಳಿಯನ್ನು ಹೊತ್ತಿಕೊಳ್ಳುವ ಮಿಶ್ರಣ ಮಾಡಬಲ್ಲದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಮಲಗುವ ಕೋಣೆ ಒಟ್ಟು 28 ಘನ ಮೀಟರ್. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಮೇಲೇರುವುದಿಲ್ಲ, ನೆಲದ ಕಡೆಗೆ ಇಳಿಯುತ್ತದೆ. ಎಸಿ ಹಾಕಿದ ಕೋಣೆಯ ಕಿಟಕಿ ಬಾಗಿಲು ಮುಚ್ಚಿಯೇ ಇರುತ್ತವೆ. ಲೆಕ್ಕದ ಪ್ರಕಾರ ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ, ಮಂಚ, ಹಾಸಿಗೆ, ಗೋಡೆಯ ಪ್ಲಗ್ ಪಾಯಿಂಟು, ಸೊಳ್ಳೆ ಬತ್ತಿ ಎಲ್ಲ ಆ ಮಿಶ್ರಣದೊಳಗೆ. ಇದೇ ಲೆಕ್ಕವನ್ನು ಒಂದು ಕಿಲೋ ಆರ್-32ಕ್ಕೆ ಮಾಡಿದರೆ ಮೂರು ಘನ ಮೀಟರ್ ಚಿಲ್ಲರೆ ಬರುತ್ತದೆ, ಏಕೆಂದರೆ ಅದು ಹೊತ್ತಲು ಗಾಳಿಯಲ್ಲಿ ಶೇ 14ಕ್ಕಿಂತ ಹೆಚ್ಚು ಇರಬೇಕು. ಎರಡಕ್ಕೂ "ಉರಿಯುವ ಗ್ಯಾಸ್" ಎಂಬ ಒಂದೇ ಹಣೆಪಟ್ಟಿ ಹಚ್ಚುವವರು ಈ ಅಂತರ ಗಮನಿಸಲಿ.

ಕಂಪನಿಯವರು ಪ್ರೊಪೇನಿಗೆಂದೇ ಎಸಿ ಮಾಡುವಾಗ ಗ್ಯಾಸಿನ ಪ್ರಮಾಣ ಕಡಿಮೆ ಮಾಡುತ್ತಾರೆ, ಎಷ್ಟು ಗ್ಯಾಸಿಗೆ ಎಷ್ಟು ದೊಡ್ಡ ಕೋಣೆ ಬೇಕೆಂದು ಲೆಕ್ಕ ಹಾಕುತ್ತಾರೆ, ಕಿಡಿ ಹಾರುವ ರಿಲೇ, ಸ್ವಿಚ್ಚುಗಳನ್ನು ಮುಚ್ಚಿಡುತ್ತಾರೆ, ತರಬೇತಾದವರಿಂದಲೇ ಅಳವಡಿಸುತ್ತಾರೆ. ನಿಮ್ಮ 2010ರ ಎಸಿಯಲ್ಲಿ ಇದ್ಯಾವುದೂ ಇಲ್ಲ. ಮೇಲಾಗಿ ಆ ಎಸಿಯಲ್ಲಿ ಲೀಕ್ ಇದೆ ಎಂಬ ಕಾರಣಕ್ಕೇ ತಾನೇ ನೀವು ಗ್ಯಾಸ್ ಹಾಕಿಸಲು ಹೊರಟದ್ದು! ಸೋರುತ್ತದೆ ಎಂದು ಖಾತ್ರಿಯಾದ ಪಾತ್ರೆಗೆ ಉರಿಯುವ ಗ್ಯಾಸ್ ತುಂಬುವ ಧೈರ್ಯ ನನಗಂತೂ ಇಲ್ಲ. ಶೀತಕವೆಂದು ಮಾರುವ ಪ್ರೊಪೇನಿಗೆ ಅಡುಗೆ ಅನಿಲದಂತೆ ವಾಸನೆ ಬೆರೆಸಿರುವುದಿಲ್ಲ, ಸೋರಿದರೆ ಮೂಗಿಗೂ ಗೊತ್ತಾಗುವುದಿಲ್ಲ. ವಾಸನೆ ಇರಲಿ ಎಂದು ಅಡುಗೆ ಸಿಲಿಂಡರಿನದನ್ನೇ ತುಂಬುವ ಮಹನೀಯರೂ ಇದ್ದಾರೆ. ಅದು ಪ್ರೊಪೇನ್, ಬ್ಯುಟೇನ್ ಬೆರಕೆ, ಜೊತೆಗೆ ತೇವ. ಎಸಿಗೂ ಕೇಡು, ಮನೆಗೂ ಕೇಡು. ಇದು ನನ್ನೊಬ್ಬನ ಅಂಜುಬುರುಕತನವೂ ಅಲ್ಲ. ಹಳೇ ಮನೆ ಎಸಿಗಳಿಗೆ "22ಎ" ಮುಂತಾದ ಹೆಸರಿನಲ್ಲಿ ಪ್ರೊಪೇನ್ ತುಂಬುವ ದಂಧೆ ಶುರುವಾದಾಗ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2013ರಲ್ಲೇ ಮನೆಯವರಿಗೂ ಮೆಕ್ಯಾನಿಕ್‌ಗಳಿಗೂ ಎಚ್ಚರಿಕೆ ಕೊಟ್ಟಿತ್ತು.

ಈಗ ನನಗೆ ಬಂದವುಗಳಲ್ಲೇ ಗಟ್ಟಿಯಾದ ಆಕ್ಷೇಪ. ದೊಡ್ಡ ಕಟ್ಟಡಗಳ ಎಸಿ ನೋಡಿಕೊಳ್ಳುವ ಎಂಜಿನಿಯರ್ ಒಬ್ಬರು ಬರೆದಿದ್ದಾರೆ: "ಆರ್-22 ಯಂತ್ರವನ್ನು ಆರ್-407ಸಿಗೆ ಬದಲಾಯಿಸುವುದು ಜಗತ್ತಿನಾದ್ಯಂತ ನಡೆದ ಕೆಲಸ. ಅದಕ್ಕೆ ಸಿದ್ಧ ವಿಧಾನವಿದೆ. ಅದನ್ನು ಬಿಟ್ಟು ಎಲ್ಲ ಬದಲಾವಣೆಯೂ ತಪ್ಪು ಎನ್ನುವುದು ಅರ್ಧಸತ್ಯ."

ಒಪ್ಪಿದೆ. ಆರ್-32, ಆರ್-125, ಆರ್-134ಎ ಮೂರೂ ಬೆರೆತ ಆರ್-407ಸಿಯ ಒತ್ತಡ ಆರ್-22ಕ್ಕೆ ಹತ್ತಿರ. ಪೈಪು ಕಾಯಿಲು ತಡೆದುಕೊಳ್ಳುತ್ತವೆ. ಹತ್ತು ಹನ್ನೊಂದು ಟನ್ನಿನ ಡಕ್ಟ್ ಯಂತ್ರದಲ್ಲಿ, ಕಂಪ್ರೆಸರ್‌ಗೆ ಆಯಿಲ್ ತೆಗೆಯುವ ಬುಚ್ಚು, ಮಟ್ಟ ನೋಡುವ ಗಾಜು ಇರುವಲ್ಲಿ ಈ ಕೆಲಸ ಮಾಡಿಸುವುದು ಜಾಣತನವೇ. ಆದರೆ ನಾನು ಬರೆದದ್ದು ಮನೆ ಎಸಿಯ ಬಗ್ಗೆ. ಅಲ್ಲಿ ಅದೇ ಕೆಲಸ ಹೇಗಿರುತ್ತದೆ ನೋಡಿ. ಮನೆ ಸ್ಪ್ಲಿಟ್ಟಿನ ರೋಟರಿ ಕಂಪ್ರೆಸರ್‌ಗೆ ಬುಚ್ಚೂ ಇಲ್ಲ, ಗಾಜೂ ಇಲ್ಲ. ಮೊದಲು ಇರುವ ಆರ್-22ನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಆಮೇಲೆ ಟಾರ್ಚ್ ಹಿಡಿದು ಬೆಸುಗೆ ಬಿಡಿಸಿ ಕಂಪ್ರೆಸರ್ ಹೊರತೆಗೆಯಬೇಕು. ಅದನ್ನು ತಲೆಕೆಳಗು ಮಾಡಿ ಡಿಸ್ಚಾರ್ಜ್ ಪೈಪಿನಿಂದ ಆಯಿಲ್ ಬಸಿದು ಅಳೆಯಬೇಕು. ಹೊಸ ಆಯಿಲ್ ಹಾಕಬೇಕು. ಆ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು, ಡಬ್ಬಿ ತೆರೆದಿಟ್ಟು ಚಹಾಕ್ಕೆ ಹೋಗುವಂತಿಲ್ಲ. ಹಳೇ ಆಯಿಲ್ ಶೇ 5ಕ್ಕಿಂತ ಹೆಚ್ಚು ಉಳಿಯಬಾರದು ಎಂಬುದು ರೂಢಿಯ ಕಟ್ಟಳೆ. ಕಾಯಿಲಿನಲ್ಲಿ ಅಂಟಿಕೊಂಡದ್ದನ್ನೂ ತೊಳೆಯಬೇಕಾಗುತ್ತದೆ. ಫಿಲ್ಟರ್ ಬದಲಿಸಿ, ವ್ಯಾಕ್ಯೂಮ್ ಮಾಡಿ, ಕೊನೆಗೆ ಆರ್-407ಸಿಯನ್ನು ದ್ರವರೂಪದಲ್ಲೇ ತೂಗಿ ಹಾಕಬೇಕು. ಆವಿಯಾಗಿ ಹಾಕಿದರೆ ಬೆರಕೆಯ ಪ್ರಮಾಣವೇ ಬದಲಾಗುತ್ತದೆ, ಏಕೆಂದರೆ ಅದರಲ್ಲಿರುವ ಮೂರೂ ಒಂದೇ ಉಷ್ಣತೆಯಲ್ಲಿ ಕುದಿಯುವುದಿಲ್ಲ. ಇದೇ ಕಾರಣಕ್ಕೆ ಮುಂದೆ ಸ್ವಲ್ಪ ಸೋರಿದರೂ ಉಳಿದದ್ದು ಅದೇ ಬೆರಕೆಯಾಗಿ ಉಳಿಯುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ತಂಪು ಮೊದಲಿಗಿಂತ ಒಂದು ಚೂರು ಕಡಿಮೆ. ಹಳೇ ರಬ್ಬರ್ ಸೀಲುಗಳು ಆರ್-22ರಲ್ಲಿ ಉಬ್ಬಿ ಕೂತಿದ್ದವು, ಗ್ಯಾಸ್ ಬದಲಾದರೆ ಕುಗ್ಗಿ ಹೊಸ ಲೀಕ್ ಶುರುವಾದರೂ ಆಶ್ಚರ್ಯವಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇಂಥದ್ದಕ್ಕೇ. ಎಂಜಿನಿಯರ್ ಮಹಾಶಯರು ಹೇಳುವ ವಿಧಾನವನ್ನು ಅಕ್ಷರಶಃ ಪಾಲಿಸುವವರು ಮನೆಗೆ ಬಂದು ಮಾಡಿಕೊಡುವುದಿದ್ದರೆ ನನ್ನದೇನೂ ಅಡ್ಡಿಯಿಲ್ಲ. ಮನೆಗೆ ಬರುವವರು "407 ಹಾಕಿದ್ದೀನಿ" ಅನ್ನುವಾಗ ಆಯಿಲ್ ಬದಲಿಸಿದ್ದೀರಾ ಎಂದು ಒಮ್ಮೆ ಕೇಳಿ ನೋಡಿ.

ಅಮೆರಿಕದ ವೀಡಿಯೋ ನೋಡಿ "ಆಯಿಲ್ ಬದಲಿಸದೆಯೇ ಹಾಕುವ ಗ್ಯಾಸ್ ಬಂದಿದೆ" ಎಂದವರಿಗೆ ಸಣ್ಣ ಉತ್ತರ. ಆರ್-438ಎ, ಆರ್-422ಡಿ ತರಹದವು ಇವೆ. ಮಿನರಲ್ ಆಯಿಲನ್ನು ವಾಪಸು ತರಲೆಂದು ಅವುಗಳಲ್ಲಿ ಒಂದಿಷ್ಟು ಬ್ಯುಟೇನ್ ಜಾತಿಯದನ್ನು ಬೆರೆಸಿರುತ್ತಾರೆ. ಓಜೋನ್‌ಗೆ ಹಾನಿಯಿಲ್ಲ ಸರಿ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಇವೆರಡೂ ಆರ್-22ನ್ನೇ ಮೀರಿಸುತ್ತವೆ.

ಪರಿಸರದ ಮಾತು ಬಂತು. ಮಂಗಳೂರಿನ ಓದುಗರೊಬ್ಬರ ಪತ್ರ ಪೂರ್ತಿ ಅದರ ಬಗ್ಗೆಯೇ ಇದೆ: "ಓಡುವ ಯಂತ್ರವನ್ನು ಗುಜರಿಗೆ ಹಾಕಿ ಹೊಸದು ತನ್ನಿ ಅನ್ನುವುದು ಬಳಸಿ ಬಿಸಾಡುವ ಸಂಸ್ಕೃತಿ. ಅದಕ್ಕಿಂತ ಒಳ್ಳೇ ಗ್ಯಾಸ್ ಹಾಕಿ ಉಳಿಸಿಕೊಳ್ಳುವುದು ಲೇಸಲ್ಲವೇ?" ಅವರ ಕಾಳಜಿಗೆ ತಲೆಬಾಗುತ್ತೇನೆ, ಲೆಕ್ಕಕ್ಕೆ ಮಾತ್ರ ಅಲ್ಲ. ಒಂದು ಕಿಲೋ ಆರ್-22 ಗಾಳಿಗೆ ಸೇರಿದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,760 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ನಮ್ಮ ದೇಶದ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕಿಲೋ ಡೈಆಕ್ಸೈಡ್ ಹೊರಬೀಳುತ್ತದೆ ಎಂದಿಟ್ಟುಕೊಂಡರೆ, ಆ ಒಂದು ಕಿಲೋ ಗ್ಯಾಸು ಎರಡೂವರೆ ಸಾವಿರ ಯೂನಿಟ್ ಕರೆಂಟು ಸುಟ್ಟದ್ದಕ್ಕೆ ಸಮನಾಯಿತು. ಈಗ ಹೇಳಿ, "ಒಳ್ಳೇ ಗ್ಯಾಸ್" ಹಾಕುವ ಮೊದಲು ಒಳಗಿದ್ದ ಹಳೇ ಗ್ಯಾಸನ್ನು ಮೆಕ್ಯಾನಿಕ್ ಏನು ಮಾಡುತ್ತಾನೆ? ಅಲೆನ್ ಕೀಲಿಯಲ್ಲಿ ವಾಲ್ವ್ ತಿರುಗಿಸುತ್ತಾನೆ, ಬಾಲ್ಕನಿಯಲ್ಲಿ ಒಂದು ನಿಮಿಷ ಸುಯ್ಯೆಂದು ಸದ್ದಾಗುತ್ತದೆ, ಕೆಲಸ ಮುಗಿಯಿತು. ಗ್ಯಾಸ್ ಎಳೆದುಕೊಳ್ಳುವ ರಿಕವರಿ ಯಂತ್ರವನ್ನು ಭುಜದ ಮೇಲೆ ಹೊತ್ತು ಮೂರನೇ ಮಹಡಿಗೆ ಬರುವವರು ಅಪರೂಪ. ಒಳ್ಳೇ ಗ್ಯಾಸಿನಿಂದ ಉಳಿಯಬೇಕಿದ್ದದ್ದು ಆ ಸುಯ್ ಸದ್ದಿನಲ್ಲೇ ಹೋಯಿತು. ಅಲ್ಲದೆ ಆರ್-410ಎಯ ಬಿಸಿ ಮಾಡುವ ಶಕ್ತಿ ಆರ್-22ಕ್ಕಿಂತಲೂ ಹೆಚ್ಚು.

ಕಡಲ ಕರೆಯ ಊರಿನವರಾದ ಅವರಿಗೆ ಗೊತ್ತಿರುವ ಇನ್ನೊಂದು ಸಂಗತಿ ಇದೆ: ಉಪ್ಪುಗಾಳಿಗೆ ಔಟ್‌ಡೋರ್ ಕಾಯಿಲಿನ ರೆಕ್ಕೆಗಳು ಪುಡಿಪುಡಿಯಾಗಿ ಉದುರುತ್ತವೆ. ಬೆಂಗಳೂರಿನಲ್ಲಿ ರಾಜಕಾಲುವೆ ಪಕ್ಕದ ಮನೆಗಳಲ್ಲಿ ಚರಂಡಿಯಿಂದೇಳುವ ಗಂಧಕದ ಅನಿಲ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತದೆ. ಇಂಥ ಕಾಯಿಲಿನಲ್ಲಿ ಒಂದು ತೂತು ಮುಚ್ಚಿದರೆ ಇನ್ನೊಂದು ಬಾಯಿ ತೆರೆಯುತ್ತದೆ, ಯಾವ ಗ್ಯಾಸ್ ಹಾಕಿದರೂ ಹೊರಗೇ ಹೋಗುವುದು. ಅಂಥ ಯಂತ್ರ ಮಾತ್ರ ಬದಲಾಯಿಸಿ ಎಂದಿದ್ದೆ. ಆರ್-22 ಕಾಲದ ಸಾಮಾನ್ಯ ಯಂತ್ರ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ಟಿಗೂ ಕಡಿಮೆ ತಂಪು ಕೊಡುತ್ತಿತ್ತು. ಇಂದಿನ ಐದು ಸ್ಟಾರ್ ಇನ್ವರ್ಟರ್ ಯಂತ್ರ ಋತುಮಾನದ ಸರಾಸರಿಯಲ್ಲಿ ಐದನ್ನು ಮುಟ್ಟುತ್ತದೆ. ಎಸಿ ಈಗ ಇ-ತ್ಯಾಜ್ಯ ನಿಯಮದ ವ್ಯಾಪ್ತಿಯಲ್ಲಿದೆ. ತಾಮ್ರಕ್ಕಾಗಿ ಪೈಪು ಕತ್ತರಿಸುವ ಗುಜರಿಯವನಿಗೆ ಕೊಡದೆ ನೋಂದಾಯಿತ ಮರುಬಳಕೆ ಘಟಕಕ್ಕೇ ಕೊಡಿ.

"ಇದೆಲ್ಲ ಕಂಪನಿಗಳ ಪಿತೂರಿ. ಪೇಟೆಂಟ್ ಮುಗಿದ ಗ್ಯಾಸನ್ನು ಕೆಟ್ಟದ್ದು ಅಂತ ಹೇಳಿ ಹೊಸದನ್ನು ಮಾರುತ್ತಾರೆ" ಎಂದವರು ಮೈಸೂರಿನವರು. ಇತಿಹಾಸದಲ್ಲಿ ಇದಕ್ಕೆ ಕಾಳಷ್ಟು ಆಧಾರವಿದೆ. ವಿಜ್ಞಾನಿಗಳಾದ ಮೊಲಿನಾ, ರೋಲಂಡ್ 1974ರಲ್ಲಿ ಆರ್-22ರ ಹಿರಿಯ ಸಂಬಂಧಿಗಳಾದ ಸಿಎಫ್‌ಸಿ ಗ್ಯಾಸುಗಳು ಓಜೋನ್ ಪದರವನ್ನು ತಿನ್ನುತ್ತವೆಂದು ಹೇಳಿದಾಗ ಅದನ್ನು ಅಲ್ಲಗಳೆದ ಡುಪಾಂಟ್ ಕಂಪನಿಯೇ, ಪರ್ಯಾಯ ಕೈಗೆ ಬಂದ ಮೇಲೆ ನಿಷೇಧದ ಪರ ನಿಂತಿತು. ವ್ಯಾಪಾರಿ ಬುದ್ಧಿ ಇದ್ದೇ ಇತ್ತು. ಆದರೆ 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಕಂಡ ಓಜೋನ್ ರಂಧ್ರ ಡುಪಾಂಟ್ ಕೊರೆದು ತೋರಿಸಿದ್ದಲ್ಲ. ಇನ್ನು ಪೇಟೆಂಟ್ ವಿಚಾರ: ಪ್ರೊಪೇನಿಗೆ ಪೇಟೆಂಟ್ ಎಲ್ಲಿಂದ ಬರಬೇಕು? ಆರ್-32 ಯಂತ್ರಗಳಿಗೆ ಸಂಬಂಧಿಸಿದ ಮೂಲ ಪೇಟೆಂಟುಗಳನ್ನು ಡೈಕಿನ್ 2011ರಲ್ಲೇ ಅಭಿವೃದ್ಧಿಶೀಲ ದೇಶಗಳಿಗೆ ಉಚಿತವಾಗಿ ಬಿಟ್ಟುಕೊಟ್ಟಿತು. ಆರ್-22 ಕಾರ್ಖಾನೆಗಳೂ ಮುಚ್ಚುತ್ತಿಲ್ಲ. ನಾನ್‌ಸ್ಟಿಕ್ ತವದ ಟೆಫ್ಲಾನ್ ತಯಾರಿಗೆ ಅದೇ ಕಚ್ಚಾವಸ್ತು, ಆ ಬಳಕೆಗೆ ಒಪ್ಪಂದದ ಕಡಿತ ಅನ್ವಯಿಸುವುದಿಲ್ಲ. ಪಿತೂರಿ ಮಾಡುವವರು ಇಷ್ಟು ದಡ್ಡರಿರುತ್ತಾರೆಯೇ?

ಕೊನೆಗೆ ಮನಸ್ಸಿಗೆ ತಟ್ಟಿದ ಆರೋಪ. ನಾನು ಮೆಕ್ಯಾನಿಕ್‌ಗಳನ್ನು ಅವಮಾನಿಸಿದ್ದೇನಂತೆ, ಬಿಸಿಲಲ್ಲಿ ಗೋಡೆಗೆ ಜೋತುಬಿದ್ದು ದುಡಿಯುವವರ ಹೊಟ್ಟೆ ಮೇಲೆ ಹೊಡೆದಿದ್ದೇನಂತೆ. ಇಲ್ಲ. ತಪ್ಪಿನ ದೊಡ್ಡ ಪಾಲು ನಮ್ಮದು, ಅಂದರೆ ಗಿರಾಕಿಗಳದು. ಲೀಕ್ ಹುಡುಕುವುದೆಂದರೆ ನೈಟ್ರೋಜನ್ ಸಿಲಿಂಡರ್ ತಂದು ಒತ್ತಡ ಏರಿಸಿ, ಒಂದೊಂದು ಫ್ಲೇರ್ ನಟ್ಟಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಣ್ಣಿಟ್ಟು ಕೂರಬೇಕು. ಗೇಜಿನ ಮುಳ್ಳು ಇಳಿಯುತ್ತದೆಯೇ ಅಂತ ಗಂಟೆಗಟ್ಟಲೆ ಕಾಯಬೇಕು. ಆಮೇಲೆ ಪಂಪು ಹಾಕಿ ಸರಿಯಾದ ವ್ಯಾಕ್ಯೂಮ್. ಒಬ್ಬನ ಅರ್ಧ ದಿನ ಹೋಯಿತು. ಅದಕ್ಕೆ ಕೂಲಿ ಕೇಳಿದರೆ "ಏನಪ್ಪಾ, ಬರೀ ನೊರೆ ಹಚ್ಚೋಕೆ ಇಷ್ಟಾ? ಗ್ಯಾಸ್ ಹಾಕಿ ಹೋಗು ಸಾಕು" ಅನ್ನುವವರು ನಾವೇ. ಗ್ಯಾಸಿಗೆ ಮಾತ್ರ ದುಡ್ಡು ಬಿಚ್ಚುವ ಗಿರಾಕಿಗೆ ಅವನೂ ಗ್ಯಾಸನ್ನೇ ಮಾರುತ್ತಾನೆ. ಹುಬ್ಬಳ್ಳಿಯ ಆ ಮೆಕ್ಯಾನಿಕ್‌ಗೆ ನನ್ನ ಒಂದೇ ಕೋರಿಕೆ: ಲೀಕ್ ಟೆಸ್ಟಿಗೆ ಬೇರೆ ದರ ಬರೆದು ಅಂಗಡಿ ಮುಂದೆ ತಗಲಿಸಿ. ಕೊಡುವವರು ಕೊಡುತ್ತಾರೆ.

ಈಗಾಗಲೇ ಹಾಕಿಸಿಕೊಂಡುಬಿಟ್ಟಿದ್ದೇವೆ, ಮುಂದೇನು ಎಂದು ಕೇಳಿದವರೂ ಇದ್ದಾರೆ. ಒಳಗಿರುವುದು ಆರ್-32 ಅಥವಾ ಆರ್-410ಎ ಆದರೆ ಓಡುವಷ್ಟು ದಿನ ಓಡಲಿ, ಮತ್ತೆ ಟಾಪಪ್ ಮಾಡಿಸಬೇಡಿ, ಅದರ ಮೇಲೆ ಆರ್-22 ಬೆರೆಸಲೂ ಬೇಡಿ. ಪ್ರೊಪೇನೋ ಅಡುಗೆ ಅನಿಲವೋ ಆದರೆ ಎಸಿ ಬಳಸುವುದು ನಿಲ್ಲಿಸಿ. ಗೊತ್ತಿದ್ದವರನ್ನು ಕರೆಸಿ, ಬಯಲಿನಲ್ಲಿ, ಬೆಂಕಿ ಕಿಡಿ ಇಲ್ಲದ ಕಡೆ ಖಾಲಿ ಮಾಡಿಸಿ, ನೈಟ್ರೋಜನ್ ಹಾಯಿಸಿ ತೊಳೆಸಿ. ಗೇಜಿನ ಮುಳ್ಳು ಸೊನ್ನೆ ತೋರಿಸಿದರೂ ಆಯಿಲಿನಲ್ಲಿ ಕರಗಿದ ಪ್ರೊಪೇನ್ ಉಳಿದಿರುತ್ತದೆ, ಟಾರ್ಚಿನ ಶಾಖ ತಾಗಿದೊಡನೆ ಹೊರಬರುತ್ತದೆ. ಅಲ್ಲಿಯವರೆಗೆ ಒಂದು ಕೆಲಸ ಇವತ್ತೇ ಮಾಡಿ. ಔಟ್‌ಡೋರ್ ಮೇಲಿನ ಕಂಪನಿ ಫಲಕ ಈಗಲೂ ಆರ್-22 ಎಂದೇ ಹೇಳುತ್ತಿರುತ್ತದೆ. ಮುಂದೆ ಬರುವ ಮೆಕ್ಯಾನಿಕ್ ಅದನ್ನು ನಂಬಿಯೇ ಬೆಸುಗೆಗೆ ಟಾರ್ಚ್ ಹಚ್ಚುತ್ತಾನೆ. ದಪ್ಪ ಟೇಪಿನ ಮೇಲೆ ಮಾರ್ಕರ್‌ನಲ್ಲಿ "ಒಳಗೆ ಉರಿಯುವ ಗ್ಯಾಸ್ ಇದೆ, ಟಾರ್ಚ್ ಹಚ್ಚಬೇಡಿ" ಎಂದು ಬರೆದು ಸರ್ವಿಸ್ ವಾಲ್ವ್ ಪಕ್ಕದಲ್ಲೇ ಅಂಟಿಸಿ. ಕನ್ನಡದ ಕೆಳಗೆ ಹಿಂದಿಯಲ್ಲೂ ಬರೆಯಿರಿ. ಬೇಸಿಗೆಯಲ್ಲಿ ಈ ಕೆಲಸಕ್ಕೆ ಬರುವ ಹುಡುಗರಲ್ಲಿ ಉತ್ತರದ ಕಡೆಯವರೂ ಬಹಳ ಮಂದಿ ಇದ್ದಾರೆ.